ಸಂಪಾದಕರ ಉತ್ತರ: ಕತ್ತರಿ ಬಿದ್ದ ಹನ್ನೊಂದು ಸಾಲು

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರ ಮಂಗಳವಾರದ ಅಂಚೆಯಲ್ಲಿ ಬಂತು. ಕಚೇರಿಯಲ್ಲಿ ಎಲ್ಲರೂ ಓದಿದೆವು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನು ನಾನೇ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ, ಸಕಲೇಶಪುರದ ಕಡೆಯ ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರನ್ನು ಪಂಪಿನಿಂದ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯನ್ನು ಸಮರ್ಥಿಸಿ ನಿವೃತ್ತ ಎಂಜಿನಿಯರೊಬ್ಬರು ಬರೆದ ಲೇಖನ ಪ್ರಕಟವಾಗಿತ್ತು. ಸಕಲೇಶಪುರದ ಆಚೆ, ಘಟ್ಟದ ಅಂಚಿನಲ್ಲಿ ಕಾಫಿ ತೋಟ ಮಾಡಿಕೊಂಡಿರುವ ನೀವು ಅದನ್ನು ಓದಿ ಸಿಟ್ಟಾಗಿದ್ದೀರಿ. ಇದು ಪತ್ರಿಕೆಯೋ ಇಲಾಖೆಯ ಕರಪತ್ರವೋ ಎಂದು ಕೇಳಿದ್ದೀರಿ. ‘ಕುಡಿಯುವ ನೀರಿಗೂ ವಿರೋಧವೇ?’ ಎಂದು ಬಾಯಿ ಮುಚ್ಚಿಸುವವರಿಗೆ ಏನು ಹೇಳಬೇಕು ಎಂದಿದ್ದೀರಿ. ಕೊನೆಯಲ್ಲಿ, ಅಷ್ಟುದ್ದದ ಲೇಖನದಲ್ಲಿ ‘ಅಂದುಕೊಂಡಷ್ಟು ನೀರು ಸಿಗದಿದ್ದರೆ’ ಎಂಬ ಒಂದು ಸಾಲಾದರೂ ಬೇಡವೇ ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೀರಿ.

ಆ ಕೆಂಪು ಶಾಯಿಯ ಪ್ರಶ್ನೆಗೆ ಉತ್ತರ ಕೊಡಲು ನನಗೆ ನಾಚಿಕೆಯಾಗುತ್ತದೆ. ಆದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಲೇಖನ ಯಾಕೆ ಹಾಕಿದಿರಿ ಎಂಬುದಕ್ಕೆ ಉತ್ತರ ಸುಲಭ. ಹಾಸನ ಜಿಲ್ಲೆಗೆ ಎರಡು ಮುಖ. ನಿಮ್ಮ ಕಡೆ ಜೂನ್ ಬಂದರೆ ಕಂಬಳಿ ಒಣಗುವುದಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಅರಸೀಕೆರೆ ತಾಲ್ಲೂಕಿಗೆ. ಅಲ್ಲಿ ತೆಂಗಿನ ಸುಳಿ ಒಣಗಿ ಗರಿಗಳು ಛತ್ರಿ ಮಡಿಸಿದಂತೆ ಜೋತುಬಿದ್ದದ್ದನ್ನು ನೋಡಿದ್ದೇನೆ. ಟ್ಯಾಂಕರ್ ಬರುವ ಹೊತ್ತಿಗೆ ಕೊಡಗಳನ್ನು ಸಾಲಿಗಿಟ್ಟು, ಸಾಲು ತಪ್ಪದಂತೆ ಅವಕ್ಕೆ ಹಗ್ಗ ಪೋಣಿಸಿದ್ದನ್ನೂ ನೋಡಿದ್ದೇನೆ. ನೀರು ಕೊಡುವ ತಾಲ್ಲೂಕು, ನೀರಿಗೆ ಕಾದಿರುವ ತಾಲ್ಲೂಕು ಎರಡೂ ನಮ್ಮ ಜಿಲ್ಲೆಯಲ್ಲೇ ಇರುವಾಗ ಒಂದರ ಮಾತನ್ನು ಮಾತ್ರ ಅಚ್ಚು ಹಾಕಿದರೆ ಅಕ್ಕನ ಮನೆಗೆ ಹೋಗಿ ಊಟ ಮಾಡುವ ಮುಖ ನನಗಿರುವುದಿಲ್ಲ.

ಆದರೆ ಸಮರ್ಥಕರು ವಾದ ಮಂಡಿಸುವ ಬಗೆಯ ಬಗ್ಗೆ ನೀವು ಹೇಳಿರುವುದರಲ್ಲಿ ಹುರುಳಿದೆ. ‘ಕುಡಿಯುವ ನೀರಿಗೂ ವಿರೋಧವೇ?’ ಎಂಬುದರಲ್ಲಿ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಬಯಲುಸೀಮೆಗೆ ನೀರು ಬೇಕು ಎಂಬುದು ಒಂದು ಮಾತು. ಈ ಹೊಳೆಯಿಂದ, ಈ ಪಂಪುಗಳಿಂದ, ಈ ಕಾಲುವೆಯಲ್ಲೇ ಅದು ಬರಬೇಕು ಎಂಬುದು ಇನ್ನೊಂದು. ಹೊಟ್ಟೆ ಹಸಿದಿದೆ ಎಂದ ಮಾತ್ರಕ್ಕೆ ಬಸ್ ನಿಲ್ದಾಣದ ಎದುರಿನ ಹೋಟೆಲಿಗೇ ಹೋಗಬೇಕು ಎಂದಾಗುವುದಿಲ್ಲವಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಎಂಬ ಫ್ಲೋರೈಡ್ ಮಿತಿಯನ್ನು ಮೀರಿದ ನೀರನ್ನು ಅಲ್ಲಿನ ಎಷ್ಟೋ ಊರುಗಳು ಕುಡಿದಿವೆ. ಇವೆಲ್ಲ ಮೊದಲನೆಯ ಮಾತಿಗೆ ಸಾಕ್ಷಿ. ಸಮರ್ಥಕರು ಈ ಸಾಕ್ಷಿಯನ್ನೇ ಎರಡನೆಯ ಮಾತಿಗೂ ಕೊಟ್ಟು ಮುಂದೆ ಹೋಗುತ್ತಾರೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದರ ಪಕ್ಕದಲ್ಲಿಟ್ಟು ತೂಗಿದರೆ ಎತ್ತಿನಹೊಳೆಯ ಒಂದು ಕೊಡ ನೀರಿಗೆ ಏನು ಬೀಳುತ್ತದೆ ಎಂದು ಅವರು ಬಾಯಿ ಬಿಟ್ಟು ಹೇಳಲಿ. ನೀವು ಕೇಳಬೇಕಾದದ್ದು ಇದನ್ನು. ‘ನೀರು ಕೊಡುವುದಿಲ್ಲ’ ಎಂದಿರೋ, ವಾದದಲ್ಲಿ ನೀವು ಸೋತಿರಿ ಎಂದೇ ಲೆಕ್ಕ.

‘ಕುಡಿಯುವ ನೀರು’ ಎಂಬ ಪದಕ್ಕೆ ಇನ್ನೊಂದು ಕೆಲಸವೂ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕುಡಿಯುವ ನೀರಿನ ಯೋಜನೆಗಳಿಲ್ಲ. ಆ ಹೆಸರಿದ್ದರೆ ಪರಿಸರ ಪೂರ್ವಾನುಮತಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ಯೋಜನೆಯ 24.01 ಟಿಎಂಸಿಯಲ್ಲಿ ಕುಡಿಯಲು ಇಟ್ಟಿರುವುದು 14.056. ಉಳಿದ 9.953 ಟಿಎಂಸಿ 527 ಕೆರೆಗಳನ್ನು ತುಂಬಿಸಲು. ಕೆರೆ ತುಂಬಿದರೆ ಅಂತರ್ಜಲ ಏರುತ್ತದೆ, ಬಾವಿಗೆ ನೀರು ಬರುತ್ತದೆ, ಅದೂ ಕುಡಿಯುವ ನೀರೇ ಎನ್ನುವುದು ಅವರ ವಾದ. ಒಪ್ಪಬಹುದು, ಬಿಡಬಹುದು. 2019ರಲ್ಲಿ ಹಸಿರು ನ್ಯಾಯಮಂಡಳಿ ಯೋಜನೆಯ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು. ಅಂದಿನಿಂದ ‘ನ್ಯಾಯಮಂಡಳಿಯೇ ಹೇಳಿದೆ’ ಎಂಬುದು ಪ್ರತಿ ಭಾಷಣದ ಪಲ್ಲವಿಯಾಗಿದೆ. ಮಂಡಳಿ ಅರ್ಜಿ ವಜಾ ಮಾಡಬಹುದು, ಹೊಳೆಯಲ್ಲಿ ನೀರು ಹೆಚ್ಚಿಸಲಾರದು.

ಖರ್ಚಿನ ವಿಷಯ ಎಲ್ಲರಿಗೂ ಬಾಯಿಪಾಠವಾಗಿದೆ. 2012ರಲ್ಲಿ 8,323.50 ಕೋಟಿ ರೂಪಾಯಿ, 2014ರಲ್ಲಿ 12,912.36 ಕೋಟಿ, 2023ರಲ್ಲಿ 23,251.66 ಕೋಟಿ. ‘ಇಷ್ಟು ಸುರಿದ ಮೇಲೆ ನಿಲ್ಲಿಸುವುದುಂಟೇ?’ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಸೀಸನ್ ಕೈಕೊಟ್ಟ ವರ್ಷವೂ ಅದೇ ಗುತ್ತಿಗೆ ಮುಂದುವರಿಸಿದವರ ಕತೆ ನಿಮ್ಮ ಊರಿನಲ್ಲೇ ಬೇಕಾದಷ್ಟಿದೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಒಂದು ಸಾಲು: ‘ನಮ್ಮ ತಂದೆಯ ಕಾಲದಿಂದ ಮಳೆ ಪುಸ್ತಕ ಬರೆದಿಟ್ಟಿದ್ದೇವೆ, ಯಾರೂ ಬಂದು ನೋಡಿಲ್ಲ.’ ಬೆಳೆಗಾರರ ಮಳೆ ಪುಸ್ತಕ ನಾನು ಬಲ್ಲೆ. ಬೆಳಿಗ್ಗೆ ಅಂಗಳದ ಮಾಪಕದಿಂದ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟುಗಳಲ್ಲಿ ಬರೆಯುತ್ತೀರಿ. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ಬದಿಯಲ್ಲಿ ಒಂದು ನಕ್ಷತ್ರ. ಜುಲೈ ಪುಟಗಳಿಗೆ ಬೂಷ್ಟು ಹಿಡಿದಿರುತ್ತದೆ. ಆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನನ್ನೊಡನೆ ಒಂದು ಲೆಕ್ಕ ಮಾಡಿ.

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಹೆಚ್ಚುಕಡಿಮೆ 2.83 ಕೋಟಿ ಘನ ಮೀಟರ್. 24.01 ಟಿಎಂಸಿ ಎಂದರೆ 68 ಕೋಟಿ ಘನ ಮೀಟರ್. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಕಟ್ಟಿದ ಎಂಟು ಅಡ್ಡಗಟ್ಟೆಗಳಿಗೆ ನೀರು ಇಳಿದು ಬರುವ ಪ್ರದೇಶ ಸುಮಾರು 180 ಚದರ ಕಿಲೋಮೀಟರ್. ಆ ನೀರನ್ನು ಈ ನೆಲದ ಮೇಲೆ ಸಮನಾಗಿ ಹರಡಿದರೆ 3.78 ಮೀಟರ್ ಎತ್ತರ ನಿಲ್ಲುತ್ತದೆ. ನಿಮ್ಮ ಭಾಷೆಯಲ್ಲಿ ಸುಮಾರು 150 ಇಂಚು.

ಇದು ಬಿದ್ದ ಮಳೆಯ ಲೆಕ್ಕವಲ್ಲ ಎಂಬುದನ್ನು ಗಮನಿಸಿ. ಕಾಡು ಕುಡಿದು, ನೆಲ ಹೀರಿ, ಗದ್ದೆಯಲ್ಲಿ ನಿಂತು, ಆವಿಯಾಗಿ, ಇಷ್ಟೆಲ್ಲ ಕಳೆದ ಮೇಲೆ ಹೊಳೆಗೆ ಇಳಿದು ಬರಬೇಕಾದ ನೀರು 150 ಇಂಚು. ಕೆಳಗಿನವರಿಗೆಂದು ಒಂದು ಹನಿಯನ್ನೂ ಬಿಡದಿದ್ದರೆ ಅಷ್ಟು. ಬಿಟ್ಟರೆ ಅದಕ್ಕೂ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಇದೇ ಜಲಾನಯನದಲ್ಲಿ ಸಿಗುವ ನೀರನ್ನು 9.55 ಟಿಎಂಸಿ ಎಂದು ಲೆಕ್ಕ ಹಾಕಿದೆ. ಅದನ್ನು ಇಂಚಿಗೆ ಇಳಿಸಿದರೆ 60ಕ್ಕೆ ಒಂದು ಕಡಿಮೆ. ಒಂದೇ ಹೊಳೆಯಲ್ಲಿ ಒಬ್ಬರಿಗೆ 150 ಇಂಚು ಕಂಡರೆ ಇನ್ನೊಬ್ಬರಿಗೆ 59 ಕಾಣುತ್ತದೆ. ಇಷ್ಟು ಅಂತರವಿರುವಾಗ ‘ಅಭಿಪ್ರಾಯಭೇದ’ ಎಂಬ ಸಭ್ಯ ಪದ ಬಳಸಲು ನನಗೆ ಮನಸ್ಸಿಲ್ಲ. ಘಟ್ಟದ ಅಂಚಿನಲ್ಲಿ ಎರಡು ಮೈಲಿಗೆ ಮಳೆ ಬದಲಾಗುತ್ತದೆ, ಮಾಪಕ ಎಲ್ಲಿಟ್ಟಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಮರ್ಥಕರ ಭಾಷಣಗಳಲ್ಲಿ ಕೋಲಾರದ ತಾಯಂದಿರ ಕೊಡಗಳು ಬರುತ್ತವೆ, ಭಗೀರಥ ಬರುತ್ತಾನೆ, ಕನ್ನಂಬಾಡಿ ಬರುತ್ತದೆ. ಈ 150 ಇಂಚು ಮಾತ್ರ ಬರುವುದಿಲ್ಲ.

‘ಹೇಮಾವತಿಗೂ ವಿರೋಧವಿತ್ತು, ಇವತ್ತು ಅದೇ ನೀರು ಕುಡಿಯುತ್ತಿದ್ದೀರಿ’ ಎಂಬುದು ಅವರ ಇನ್ನೊಂದು ಅಸ್ತ್ರ. ಗೊರೂರಿನ ಅಣೆಕಟ್ಟು ನಮ್ಮ ಜಿಲ್ಲೆಗೆ ಮಾತ್ರವಲ್ಲ, ಮಂಡ್ಯ, ತುಮಕೂರುಗಳಿಗೂ ನೀರು ಕೊಟ್ಟಿತು, ನಿಜ. ಆದರೆ ಅದರ ಹಿನ್ನೀರಿನಲ್ಲಿ ಮುಳುಗಿದ ಶೆಟ್ಟಿಹಳ್ಳಿಯ ಚರ್ಚಿನ ಕಮಾನುಗಳ ಕೆಳಗೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳನ್ನು ನೋಡಿದಾಗಲೆಲ್ಲ ಅಲ್ಲೊಂದು ಊರಿತ್ತಲ್ಲ ಎನಿಸುತ್ತದೆ. ಹೇಮಾವತಿಯ ಹೆಸರು ಹೇಳಿ ವಾದ ಗೆಲ್ಲುವವರು ಆ ಊರಿನ ಹೆಸರನ್ನೂ ಹೇಳಲಿ ಎಂಬುದಷ್ಟೇ ನನ್ನ ತಕರಾರು.

ಅವರ ಪರವಾಗಿಯೂ ಒಂದು ಮಾತಿದೆ. ‘ಸಮುದ್ರಕ್ಕೆ ಹರಿದು ವ್ಯರ್ಥ’ ಎಂಬ ಹಳಸಲು ವಾಕ್ಯವನ್ನು ನಮ್ಮ ಲೇಖಕರು ಬಳಸಲಿಲ್ಲ. ಈ ನೀರು ಗುಂಡ್ಯ ಇಳಿದು ಕುಮಾರಧಾರೆ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗುತ್ತದೆ, ತುಂಬೆಯಲ್ಲಿ ಮಂಗಳೂರಿನ ನಲ್ಲಿಗೆ ಹೋಗುತ್ತದೆ ಎಂದು ಅವರೇ ಬರೆದಿದ್ದಾರೆ. ಮಳೆಗಾಲದ ನೆರೆಯನ್ನಷ್ಟೇ ಎತ್ತುತ್ತೇವೆ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ ಎಂಬುದು ಅವರ ಸಮಾಧಾನ. ವಿರೋಧಿಸುವವರಲ್ಲಿ ಬಹಳ ಜನ ಈ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ. ಮಳೆಗಾಲದಲ್ಲಿ ಇಂಗಿದ್ದೇ ಬೇಸಿಗೆಯಲ್ಲಿ ಒಸರುತ್ತದೆ ಎಂದು ನೀವು ಮರುವಾದ ಹೂಡಬಹುದು. ಹೂಡಿ, ಆದರೆ ಅವರು ಹೇಳಿದ್ದಕ್ಕೆ ಹೂಡಿ.

ಇನ್ನು ನಿಮಗೆ ಹಿಡಿಸದ ಒಂದು ವಿಷಯ. ವಿವಾದದ ಯೋಜನೆಯನ್ನು ಕೆಟ್ಟದಾಗಿ ಸಮರ್ಥಿಸುವ ಕಲೆ ಸರ್ಕಾರದವರಿಗೆ ಮಾತ್ರ ಒಲಿದದ್ದಲ್ಲ. ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಪರ ನಿಂತವರಲ್ಲಿ ನಾನೂ ಒಬ್ಬ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, 1,576 ಗ್ರಾಮಗಳು ಪರಿಸರ ಸೂಕ್ಷ್ಮ ಪ್ರದೇಶ ಎಂದು ಪಟ್ಟಿ ಬಂದಾಗ ನಾವು ಮಾಡಿದ್ದೇನು? ಹುಲಿ, ಸಿಂಗಳೀಕ, ಸಿಹಿನೀರಿನ ಮೂಲ ಎಂದು ಬರೆದೆವು. ಕರಡು ಅಧಿಸೂಚನೆಯಲ್ಲಿದ್ದ ನಿಷೇಧ ಗಣಿಗೆ, ಕ್ವಾರಿಗೆ, ಮರಳಿಗೆ, ಉಷ್ಣ ವಿದ್ಯುತ್ತಿಗೆ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ವರ್ಗ’ದ ಕಾರ್ಖಾನೆಗೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಕ್ಕೆ. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೂಡಿಗೆರೆಯ ಸಂತೆಯಲ್ಲಿ ಹಂಚಲು ನಮಗೆ ತೋಚಲಿಲ್ಲ. ಅಷ್ಟರಲ್ಲಿ ‘ಹೆಂಚು ಬದಲಿಸಲೂ ದೆಹಲಿಗೆ ಬರೆಯಬೇಕಂತೆ’ ಎಂಬ ಸುದ್ದಿ ಊರೂರಿಗೆ ಮುಟ್ಟಿತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಮನೆಗಳು ರಸ್ತೆಗೂ ವಿದ್ಯುತ್ತಿಗೂ ಪಟ್ಟ ಪಾಡನ್ನು ಕಂಡವರು ಅದನ್ನು ನಂಬಿದರು. ಅವರನ್ನು ನಾವು ‘ದಾರಿ ತಪ್ಪಿಸಲ್ಪಟ್ಟವರು’ ಎಂದು ಕರೆದೆವು. ಇಂಥ ಗಡಿಯನ್ನು ಗ್ರಾಮಸಭೆಗಳನ್ನು ಕೇಳಿ ಗುರುತಿಸಬೇಕು ಎಂದು ಅದಕ್ಕೂ ಮುಂಚೆ ಮಾಧವ ಗಾಡ್ಗೀಳ್ ಸಮಿತಿ ಹೇಳಿತ್ತು. ಅದನ್ನು ಹಿಡಿದುಕೊಂಡು ಹೋರಾಡುವ ತಾಳ್ಮೆಯೂ ನಮಗಿರಲಿಲ್ಲ. 2024ರಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಆ ದಿನ ನೀವು ಕಚೇರಿಗೆ ಫೋನ್ ಮಾಡಿ ಸಂತೋಷಪಟ್ಟದ್ದು ನನಗೆ ನೆನಪಿದೆ. ನೆಲ ಉಳಿಸುವ ವರದಿ ಬೇಡ, ಹೊಳೆ ಮಾತ್ರ ಉಳಿಯಬೇಕು ಎಂಬ ನಿಮ್ಮ ನಿಲುವನ್ನೂ ಒಂದು ದಿನ ಕೂತು ಮಾತಾಡೋಣ. ಕಾಫಿ ನಿಮ್ಮದೇ ಇರಲಿ.

ಈಗ ಕೆಂಪು ಶಾಯಿಯ ಪ್ರಶ್ನೆ.

ನೀರು ಸಾಲದಿದ್ದರೆ ಎಂಬ ಸಾಲು ಆ ಲೇಖನದಲ್ಲಿ ಇತ್ತು. ಒಂದಲ್ಲ, ಹನ್ನೊಂದು. 24 ಟಿಎಂಸಿ ಎಲ್ಲ ವರ್ಷವೂ ಸಿಕ್ಕೀತು ಎಂಬ ಭರವಸೆ ತನಗಿಲ್ಲ ಎಂದು ಅವರು ಬರೆದಿದ್ದರು. 14 ಬಂದರೆ ಕೆರೆಗಳ ಪಾಲನ್ನು ಕೈಬಿಟ್ಟು ಕುಡಿಯುವುದಕ್ಕಷ್ಟೇ ಕೊಡಬೇಕು, ಆಗಲೂ ಯೋಜನೆ ಸರಿಯೆಂದೇ ತನ್ನ ಮತ. ಹತ್ತಕ್ಕಿಂತ ಕೆಳಗೆ ಹೋದರೆ ತಾನು ತಪ್ಪಿದೆ ಎಂದು ಒಪ್ಪಿಕೊಳ್ಳುತ್ತೇನೆ, ಅದಕ್ಕಾಗಿ ಅಡ್ಡಗಟ್ಟೆಗಳಲ್ಲಿ ಅಳೆದ ನೀರಿನ ಲೆಕ್ಕವನ್ನು ಪ್ರತಿ ಮಳೆಗಾಲದ ಕೊನೆಗೆ ಸಕಲೇಶಪುರದಲ್ಲೇ ಹಲಗೆ ಹಾಕಿ ಬರೆಯಬೇಕು ಎಂದೂ ಕೇಳಿದ್ದರು. 2024ರ ಗೌರಿ ಹಬ್ಬದ ದಿನ ಮೊದಲ ಹಂತದ ಪಂಪುಗಳು ಚಾಲೂ ಆದವು. ಮುಂದಿನ ಕಾಲುವೆ ಮುಗಿಯದೆ ನೀರನ್ನು ವೇದಾವತಿಯ ಮೂಲಕ ವಾಣಿವಿಲಾಸ ಸಾಗರದ ಕಡೆಗೆ ತಿರುಗಿಸಬೇಕಾಯಿತು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ.

ಪುಟ ಕಟ್ಟುವ ರಾತ್ರಿ ಅಡಿಕೆ ಸುಲಿಯುವ ಯಂತ್ರದ ಕಾಲು ಪುಟ ಜಾಹೀರಾತು ಬಂತು. ಜಾಗ ಬೇಕಿತ್ತು. ಆ ಹನ್ನೊಂದು ಸಾಲನ್ನು ನಾನೇ ತೆಗೆದೆ. ಜಾಹೀರಾತು ನೆಪ ಅಷ್ಟೇ, ಬೇರೆ ಎಲ್ಲಾದರೂ ಕತ್ತರಿಸಬಹುದಿತ್ತು. ಭಗೀರಥನ ಪ್ಯಾರಾ ಇತ್ತಲ್ಲ! ಸಮರ್ಥನೆಯ ಲೇಖನಕ್ಕೆ ಈ ಅನುಮಾನದ ಸಾಲುಗಳು ಹೊಂದುವುದಿಲ್ಲ, ಅವರ ವಾದ ಸಡಿಲವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರನ್ನು ಕೇಳಲೂ ಇಲ್ಲ. ನೀವು ಓದಿ ಕರಪತ್ರ ಎಂದದ್ದು ನಾನು ಕತ್ತರಿಸಿ ಮಾಡಿದ ಕರಪತ್ರವನ್ನು.

ಆ ಸಾಲುಗಳನ್ನು ಈ ಸಂಚಿಕೆಯ ಒಳಪುಟದಲ್ಲಿ ಒಂದಕ್ಷರ ಬಿಡದೆ ಹಾಕಿದ್ದೇವೆ. ಲೇಖಕರಿಗೆ ಮೊನ್ನೆ ಫೋನ್ ಮಾಡಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿಮ್ಮ ಪತ್ರವನ್ನು ಓದಿ ಹೇಳಲು ಕೇಳಿದರು, ಓದಿದೆ. ಬೈಗುಳ ಬಂದ ಕಡೆಯೆಲ್ಲ ‘ಹೂಂ’ ಎಂದರು. ಮಳೆ ಪುಸ್ತಕದ ಸಾಲಿಗೆ ಬಂದಾಗ ಮಾತ್ರ ನನ್ನನ್ನು ತಡೆದು, ‘ಎಷ್ಟು ವರ್ಷದ್ದಿದೆಯಂತೆ? ಮಾಪಕ ಮರದ ಕೆಳಗಿಲ್ಲ ತಾನೇ?’ ಎಂದು ಕೇಳಿದರು. ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ಇಂತು,
ಸಂಪಾದಕ, ಹಾಸನ