ಕಾಡಿನ ಪೇಂಟ್‌ಬಾಲ್‌ಗೆ ಮೊದಲ ಸಲ ಹೋಗ್ತಿದ್ದೀರಾ? ಗನ್ ಆಮೇಲೆ, ಮೊದಲು ಬೂಟು ನೋಡಿ

ನೀವು ಕೇಳಿದ್ದು ಇಷ್ಟು: ಫಿಲಡೆಲ್ಫಿಯಾಗೆ ಬಂದು ಒಂದು ವರ್ಷ ಆಯ್ತು, ಆಫೀಸಿನವರು ಪೋಕೊನೋಸ್ ಬೆಟ್ಟದ ಕಾಡಿನಲ್ಲಿ ಎರಡು ದಿನದ ಸಿನಾರಿಯೋ ಪೇಂಟ್‌ಬಾಲ್ ಆಟಕ್ಕೆ ಕರೆಯುತ್ತಿದ್ದಾರೆ, ಬೆಂಗಳೂರಿನ ಹೊರಗೆ ರೆಸಾರ್ಟ್ ಒಂದರಲ್ಲಿ ಒಮ್ಮೆ ಆಡಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ನೋಯುತ್ತಾ? ಸ್ವಂತ ಗನ್ ತಗೊಳ್ಳಬೇಕಾ? ಎಲ್ಲರ ಮುಂದೆ ನಗೆಪಾಟಲಾಗ್ತೀನಾ?

ಹೂಂ, ಸ್ವಲ್ಪ ನೋಯುತ್ತದೆ. ಗನ್ ಬೇಡ. ನಗೆಪಾಟಲು ಖಂಡಿತ ಆಗ್ತೀರಿ, ಮೊದಲ ಸಲ ಎಲ್ಲರೂ ಆಗಿದ್ದೇವೆ.

ಮೊದಲು ಆ ರೆಸಾರ್ಟ್ ಆಟವನ್ನು ತಲೆಯಿಂದ ತೆಗೆದುಹಾಕಿ. ಕೈಗೆ ಒಂದು ಗನ್ನು, ಬಣ್ಣ ತುಂಬಿದ ಒಂದಿಷ್ಟು ಗುಂಡು ಕೊಟ್ಟು, ಬಣ್ಣ ತಾಗಿದವನು ಔಟ್ ಅಂತ ಹೇಳಿ, ನಾಲ್ಕು ಟೈರು ಎರಡು ಡ್ರಮ್ಮು ಇಟ್ಟ ಬಯಲಿಗೆ ಬಿಟ್ಟು, ಹತ್ತು ನಿಮಿಷದಲ್ಲಿ ಸೀಟಿ ಊದಿ ಮುಗಿಸುವ ಆಟ ಅದು. ಸಿನಾರಿಯೋ ಅಂದರೆ ಒಂದು ಕತೆ. ಎರಡು ಪಡೆ, ಎರಡಕ್ಕೂ ಒಬ್ಬೊಬ್ಬ ಜನರಲ್, ನಕ್ಷೆ, ವಾಕಿ-ಟಾಕಿ, ಗಂಟೆಗಂಟೆಗೂ ಹೊಸ ಕೆಲಸ. ಈ ಸೇತುವೆ ಹಿಡಿಯಿರಿ, ಆ ಗುಡಿಸಲಿನಿಂದ ಪೆಟ್ಟಿಗೆ ತನ್ನಿ, ಅರ್ಧ ಗಂಟೆ ಆ ದಿಬ್ಬ ಬಿಟ್ಟುಕೊಡಬೇಡಿ, ಹೀಗೆ. ಮಾಡಿದ ಕೆಲಸಕ್ಕೆ ಅಂಕ. ಪಡೆಯಲ್ಲಿ ಕೆಲವರು ಮೆಡಿಕ್, ಏಟು ತಿಂದವರನ್ನು ಎಬ್ಬಿಸುತ್ತಾರೆ. ಕೆಲವರು ಬಾಂಬ್ ಇಡುವವರು. ಒಬ್ಬಿಬ್ಬರು ಗೂಢಚಾರರು, ನಿಮ್ಮ ಪಕ್ಕದಲ್ಲೇ ಕೂತು ನಿಮ್ಮ ಚಿಪ್ಸ್ ತಿಂದು ಹೋಗುತ್ತಾರೆ. ಗಾಲ್ಫ್ ಗಾಡಿಗೆ ಪ್ಲೈವುಡ್ ಹೊದಿಸಿ ಮಾಡಿದ ಟ್ಯಾಂಕ್ ಕೂಡ ನೋಡಿದ್ದೇನೆ. ಆ ಟ್ಯಾಂಕ್ ಹೊಡೆಯಲು ಸ್ಪಂಜಿನ ರಾಕೆಟ್. ನಗು ಬರುತ್ತೆ ಅಲ್ವಾ, ಆದರೆ ಅದು ಮರಗಳ ನಡುವಿನಿಂದ ನಿಮ್ಮ ಕಡೆ ತಿರುಗಿದಾಗ ನಗು ಬರಲ್ಲ.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲೇ. ಫ್ಲೋರಿಡಾದ ವೇಯ್ನ್ ಡೊಲ್ಲಾಕ್ ಎಂಬುವವರನ್ನು ಸಿನಾರಿಯೋ ಆಟದ ಪಿತಾಮಹ ಅಂತ ಹಳಬರು ಕರೆಯುತ್ತಾರೆ. ಒಕ್ಲಹೋಮಾದ ವಯಾಂಡಾಟ್‌ನಲ್ಲಿ 1997ರಲ್ಲಿ ಶುರುವಾದ, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ಕತೆ ಇರುವ ಡಿ-ಡೇ ಆಟಕ್ಕೆ ಮುಂದೆ ಸಾವಿರಾರು ಜನ ಸೇರುತ್ತಿದ್ದರು. ನಿಮಗೆ ಹತ್ತಿರದಲ್ಲೇ, ಜಿಮ್ ಥಾರ್ಪ್ ಎಂಬ ಊರಿನ ಪಕ್ಕದ ಸ್ಕರ್ಮಿಶ್ ಮೈದಾನದಲ್ಲೂ ನಾರ್ಮಂಡಿ ದಾಳಿಯ ಆಟ ನಡೆಯುತ್ತದೆ, ಅದಕ್ಕೂ ಸಾವಿರಾರು ಜನ. ನೀವು ಹೋಗುವುದು ಇಷ್ಟು ದೊಡ್ಡದೋ ಚಿಕ್ಕದೋ, ಕೇಳಿ ತಿಳಿದುಕೊಳ್ಳಿ. ಮೊದಲ ಸಲಕ್ಕೆ ಇನ್ನೂರು ಮುನ್ನೂರು ಜನದ ಆಟವೇ ಚೆಂದ. ದೊಡ್ಡದರಲ್ಲಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ.

ಈಗ ನನ್ನ ಮೊದಲ ದಿನದ ಮಾನ ಕಳೆದ ಕತೆ. ನಾನು ತೀರ್ಥಹಳ್ಳಿ ಕಡೆಯವನು, ಕಾಡಿನ ಮಧ್ಯೆ ಬೆಳೆದವನು, ಈ ಪೇಟೆ ಹುಡುಗರಿಗೆ ತೋರಿಸ್ತೀನಿ ಅಂತ ಜಂಬ ಬೇರೆ. ಬಾಡಿಗೆ ಗನ್ ಹಿಡಿದು ಒಳಗೆ ಹೋದ ಮೊದಲ ಒಂದು ಗಂಟೆಯಲ್ಲಿ ಆರುನೂರು ಗುಂಡು ಹಾರಿಸಿದೆ. ಒಬ್ಬರಿಗೂ ತಾಗಲಿಲ್ಲ. ಸುಳ್ಳು, ಒಬ್ಬರಿಗೆ ತಾಗಿತು, ಅವರು ನಮ್ಮ ಪಡೆಯವರೇ.

ಯಾಕೆ ಹೀಗಾಯ್ತು ಅಂತ ಆಮೇಲೆ ಅರ್ಥವಾಯಿತು. ಪೇಂಟ್‌ಬಾಲ್ ಅಂದರೆ 0.68 ಇಂಚು ಅಗಲದ, ಸುಮಾರು 3 ಗ್ರಾಂ ತೂಕದ ಜೆಲಟಿನ್ ಗುಳಿಗೆ, ಮಾತ್ರೆಯ ಕ್ಯಾಪ್ಸೂಲ್ ಇದ್ದಂತೆ. ಒಂದು ಹುಲ್ಲುಕಡ್ಡಿ, ಒಂದು ಸಣ್ಣ ರೆಂಬೆ ಸಾಕು, ದಾರಿಯಲ್ಲೇ ಒಡೆದು ಪಚ್ ಅನ್ನುತ್ತದೆ. ಬಯಲಿನಲ್ಲಿ ಗುಂಡಿನ ಮಳೆ ಸುರಿಸುವವನು ಗೆಲ್ಲಬಹುದು. ಕಾಡಿನಲ್ಲಿ ಅವನು ಮರಕ್ಕೆ ಬಣ್ಣ ಬಳಿಯುತ್ತಾನೆ ಅಷ್ಟೆ. ಗುಂಡು ನೆಟ್ಟಗೆ ಹೋಗುವುದೂ ಇಲ್ಲ, ಕಲ್ಲು ಎಸೆದ ಹಾಗೆ ಬಾಗಿ ಬೀಳುತ್ತದೆ. ಮೂವತ್ತು ನಲವತ್ತು ಗಜ ದಾಟಿದರೆ ತಾಗುವುದು ಅದೃಷ್ಟ, ತಾಗಿದರೂ ಎಷ್ಟೋ ಸಲ ಒಡೆಯದೆ ಪುಟಿಯುತ್ತದೆ, ಒಡೆಯದಿದ್ದರೆ ಏಟು ಲೆಕ್ಕಕ್ಕಿಲ್ಲ. ಹಾಗಾಗಿ ಕಾಡಿನಲ್ಲಿ ಹತ್ತಿರ ಹೋಗಲು ಬಂದವನೇ ಆಟಗಾರ.

ಇದು ಜಗತ್ತಿನ ಮೊದಲ ಪೇಂಟ್‌ಬಾಲ್ ಆಟದಲ್ಲೇ ಇತ್ಯರ್ಥವಾದ ಮಾತು. 1981ರ ಜೂನ್ 27, ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬ ಊರಿನ ಕಾಡು. ಚಾರ್ಲ್ಸ್ ಗೇನ್ಸ್ ಎಂಬ ಬರಹಗಾರರಿಗೂ ಹೇಯ್ಸ್ ನೋಯಲ್ ಎಂಬ ಷೇರುಪೇಟೆಯವರಿಗೂ ಒಂದು ವಾದ: ಕಾಡಿನಲ್ಲಿ ಬಿಟ್ಟರೆ ಪೇಟೆಯವನು ಉಳಿಯುತ್ತಾನೋ ಹಳ್ಳಿಯವನು ಉಳಿಯುತ್ತಾನೋ ಅಂತ. ವಾದ ತೀರಲಿಲ್ಲ. ಗೆಳೆಯ ಬಾಬ್ ಗರ್ನ್ಸಿ ಜೊತೆ ಸೇರಿ ಹನ್ನೆರಡು ಜನ ಕಾಡಿಗೆ ಇಳಿದರು, ಕೈಯಲ್ಲಿ ಮರಕ್ಕೆ, ದನಕ್ಕೆ ಬಣ್ಣದ ಗುರುತು ಹಾಕುವ ನೆಲ್‌ಸ್ಪಾಟ್ 007 ಪಿಸ್ತೂಲು. ತಂಡ ಗಿಂಡ ಇಲ್ಲ, ಪ್ರತಿಯೊಬ್ಬನೂ ಒಂಟಿ, ಬಾವುಟಗಳನ್ನು ಒಟ್ಟು ಮಾಡಿಕೊಂಡು ಹೊರಗೆ ಬರಬೇಕು. ಗೆದ್ದದ್ದು ರಿಚಿ ವೈಟ್ ಎಂಬ ಅರಣ್ಯ ಕೆಲಸದ, ಕಾಡು ಬಲ್ಲ ಮನುಷ್ಯ. ಒಂದೇ ಒಂದು ಗುಂಡು ಹಾರಿಸಲಿಲ್ಲ ಪುಣ್ಯಾತ್ಮ. ಯಾರಿಗೂ ಕಾಣಿಸಲೂ ಇಲ್ಲ.

ಇದನ್ನು ನನಗೆ ಹೇಳಿದವರು ಅರವತ್ತು ದಾಟಿದ ಒಬ್ಬ ಹಳೇ ಆಟಗಾರರು, ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮುಖ ನೋಡಿ ಕರುಣೆ ಬಂದಿರಬೇಕು. ಮಾರನೇ ದಿನ ನನ್ನನ್ನು ಜೊತೆಗೆ ಹಾಕಿಕೊಂಡರು. ಅವರ ಹತ್ತಿರ ಇದ್ದದ್ದು ಪಂಪ್ ಗನ್, ಒಂದು ಗುಂಡಿಗೆ ಒಂದು ಸಲ ಎಳೆಯಬೇಕು. ನಮ್ಮ ಕೆಲಸ ಒಂದು ಸೀಲು ಹಾಕಿದ ಕಾಗದವನ್ನು ಎದುರಾಳಿಗಳ ಬೆನ್ನ ಹಿಂದಿನ ಗುಡಿಸಲಿಗೆ ಮುಟ್ಟಿಸುವುದು. ದೂರ ಅರ್ಧ ಮೈಲಿಯೂ ಇಲ್ಲ. ಹಿಡಿದದ್ದು ಒಂದೂವರೆ ಗಂಟೆ.

ಮೊದಲು ಅವರು ನನ್ನ ಹಾಪರ್ ಅಲ್ಲಾಡಿಸಿದರು. ಗುಂಡು ತುಂಬುವ ಡಬ್ಬಿ ಅದು, ಅರ್ಧ ಖಾಲಿಯಾಗಿದ್ದರೆ ಗಿಲಕಿ ಆಡಿಸಿದ ಹಾಗೆ ಸದ್ದು. ತೊಟ್ಟಿಲ ಮಗುವೂ ತಿರುಗಿ ನೋಡುತ್ತದೆ. ಪೂರ್ತಿ ತುಂಬಿಸು ಅಂದರು. ಆಮೇಲೆ ನಡಿಗೆ. ನಮ್ಮೂರಲ್ಲಿ ಒಣಗಿದ ಎಲೆಗೆ ದರಗು ಅಂತೀವಲ್ಲ, ಆ ದರಗಿನ ಮೇಲೆ ಸದ್ದಿಲ್ಲದೆ ಕಾಲಿಡುವುದು ನನಗೆ ಗೊತ್ತಿರಬೇಕಿತ್ತು, ಚಿಕ್ಕವನಿದ್ದಾಗ ದರಗು ಗುಡಿಸಲು ಅಜ್ಜಿ ಜೊತೆ ಹೋದವನೇ. ಮರೆತಿದ್ದೆ. ಪಾದದ ಅಂಚು ಮೊದಲು, ಆಮೇಲೆ ನಿಧಾನವಾಗಿ ಭಾರ. ಗಾಳಿ ಬೀಸಿದಾಗ ನಾಲ್ಕು ಹೆಜ್ಜೆ, ನಿಂತಾಗ ನಿಲ್ಲುವುದು. ಎಲ್ಲೋ ಗುಂಡಿನ ಸದ್ದು ಜೋರಾದರೆ ಹತ್ತು ಹೆಜ್ಜೆ, ಯಾಕೆಂದರೆ ಆಗ ಯಾರ ಕಿವಿಯೂ ನಮ್ಮ ಕಡೆ ಇರುವುದಿಲ್ಲ. ಒಂದು ಕಡೆ ಮೊಣಕಾಲೆತ್ತರ ಬೆಳೆದ ಜರಿಗಿಡಗಳ ಮಧ್ಯೆ ಬೋರಲು ಮಲಗಿ ನಲವತ್ತು ನಿಮಿಷ ಕಾದೆವು. ಎದುರಾಳಿ ಪಡೆಯ ಏಳೆಂಟು ಜನ ಹತ್ತು ಅಡಿ ದೂರದಲ್ಲಿ ಮಾತಾಡುತ್ತಾ ಹೋದರು. ನನ್ನ ಎದೆ ಬಡಿತ ಅವರಿಗೆ ಕೇಳಿಸುತ್ತದೇನೋ ಅನ್ನಿಸಿತು. ಹೊಡೆದಿದ್ದರೆ ಇಬ್ಬರನ್ನೋ ಮೂವರನ್ನೋ ಹೊಡೆಯಬಹುದಿತ್ತು, ಕಾಗದ ಅಲ್ಲೇ ಉಳಿಯುತ್ತಿತ್ತು. ಕಾಗದ ಮುಟ್ಟಿಸಿದೆವು. ವಾಪಸ್ ಬರುವಾಗ ಇಬ್ಬರೂ ಸತ್ತೆವು, ಅದು ಬೇರೆ ಮಾತು. ಆ ದಿನ ನಾನು ಹಾರಿಸಿದ್ದು ಹನ್ನೊಂದು ಗುಂಡು. ಅಷ್ಟು ಖುಷಿ ಆರುನೂರರಲ್ಲಿ ಇರಲಿಲ್ಲ.

ಸತ್ತರೆ ಏನು ಅಂತ ಕೇಳ್ತೀರಿ. ಗನ್ ಮೇಲೆತ್ತಿ, ಗಟ್ಟಿಯಾಗಿ ಕೂಗಿ, ತಲೆ ಮೇಲೆ ಬಣ್ಣದ ಬಟ್ಟೆ ಹಿಡಿದು ನಿಮ್ಮ ಪಡೆಯ ಠಾಣೆಗೆ ನಡೆಯುವುದು. ಅಲ್ಲಿ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಮ್ಮೆ ಗುಂಪಾಗಿ ಮತ್ತೆ ಒಳಗೆ ಬಿಡುತ್ತಾರೆ. ಬಟ್ಟೆ ಹಿಡಿದವನು ಬಾಯಿ ಬಿಡಬಾರದು, ಶತ್ರು ಎಲ್ಲಿದ್ದಾನೆ ಅಂತ ನಮ್ಮವರಿಗೆ ಹೇಳಬಾರದು. ಸತ್ತವರು ಮಾತಾಡುವುದಿಲ್ಲವಷ್ಟೆ. ಗನ್ನಿಗೆ ತಾಗಿದರೂ ಸಾಮಾನ್ಯವಾಗಿ ಔಟ್. ಬಣ್ಣ ಒರೆಸಿಕೊಂಡು ಆಟ ಮುಂದುವರಿಸುವವರು ಇದ್ದಾರೆ, ಸಿಕ್ಕಿಬಿದ್ದರೆ ಮುಂದಿನ ಸಲ ಯಾರೂ ಪಕ್ಕ ಕೂರಿಸಿಕೊಳ್ಳುವುದಿಲ್ಲ.

ನೋವಿನ ವಿಷಯ. ಹೆಚ್ಚಿನ ಕಾಡು ಮೈದಾನಗಳಲ್ಲಿ ಗುಂಡಿನ ವೇಗಕ್ಕೆ ಮಿತಿ ಸೆಕೆಂಡಿಗೆ 280 ಅಡಿ ಆಸುಪಾಸು, ಅಂದರೆ ಗಂಟೆಗೆ ಸುಮಾರು 300 ಕಿ.ಮೀ. ಬೆಳಿಗ್ಗೆ ಒಳಗೆ ಬಿಡುವ ಮೊದಲು ಪ್ರತಿ ಗನ್ನನ್ನೂ ಯಂತ್ರದ ಮುಂದೆ ಹಾರಿಸಿ ಅಳೆಯುತ್ತಾರೆ. ದೂರದಿಂದ ತಾಗಿದರೆ ರಬ್ಬರ್ ಬ್ಯಾಂಡಿನ ಏಟು. ಹತ್ತಿರದಿಂದ ತೊಡೆಗೋ ಬೆರಳಿಗೋ ತಾಗಿದರೆ ದೇವರು ಕಾಣುತ್ತಾನೆ, ಒಂದು ವಾರ ಗೋಲಿ ಗಾತ್ರದ ನೀಲಿ ಗುರುತು. ಅಂಗಿ ಮೇಲೆ ಇನ್ನೊಂದು ದೊಗಲೆ ಅಂಗಿ, ಕುತ್ತಿಗೆಗೆ ಒಂದು ಟವೆಲ್ಲು, ತೆಳು ಕೈಗವಸು, ಇಷ್ಟಾದರೆ ಸಾಕು.

ಆದರೆ ಕಣ್ಣಿನ ವಿಷಯದಲ್ಲಿ ತಮಾಷೆ ಇಲ್ಲ. ಮಾಸ್ಕ್ ಇಲ್ಲದ ಕಣ್ಣಿಗೆ ಈ ಗುಂಡು ತಾಗಿದರೆ ಕಣ್ಣು ಹೋಗಬಹುದು. ಮೈದಾನದ ಒಳಗೆ ಇರುವವರೆಗೆ, ಆಟ ನಿಂತಿದ್ದರೂ, ಸತ್ತು ವಾಪಸ್ ನಡೆಯುತ್ತಿದ್ದರೂ, ಬೆವರು ಕಣ್ಣಿಗೆ ಇಳಿದರೂ ಮಾಸ್ಕ್ ತೆಗೆಯಬೇಡಿ. ಹೊರಗೆ ಬರುವ ಮೊದಲೇ ಗನ್ನಿನ ಬಾಯಿಗೆ ಚೀಲ ಹಾಕಿ. ನನ್ನ ಮೊದಲ ದಿನದ ಬಾಡಿಗೆ ಮಾಸ್ಕ್ ಹಬೆ ಹಿಡಿದು ಇಡ್ಲಿ ಪಾತ್ರೆ ಮುಚ್ಚಳದ ಹಾಗಾಗಿತ್ತು, ನಮ್ಮವರನ್ನೇ ಹೊಡೆದದ್ದಕ್ಕೆ ಅದೂ ಒಂದು ಕಾರಣ ಅಂತ ಈಗಲೂ ವಾದ ಮಾಡ್ತೇನೆ. ಆಗಲೂ ತೆಗೆಯಬಾರದು, ಕಣ್ಣು ಕಾಣದಿದ್ದರೆ ರೆಫ್ರಿಯನ್ನು ಕೂಗಿ, ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ.

ಹಾಗಾಗಿ ದುಡ್ಡು ಹಾಕುವುದಾದರೆ ಎರಡಕ್ಕೆ ಹಾಕಿ. ಒಂದು, ಎರಡು ಪದರದ ಲೆನ್ಸ್ ಇರುವ ಥರ್ಮಲ್ ಮಾಸ್ಕ್, ಅದು ಬೇಗ ಹಬೆ ಹಿಡಿಯುವುದಿಲ್ಲ. ಎರಡು, ಹರಡಿನ ಮೇಲಕ್ಕೆ ಬರುವ ಬೂಟು. ಪೋಕೊನೋಸ್ ನೆಲ ಅಂದರೆ ಎಲೆ ಕೆಳಗೆ ಬರೀ ಕಲ್ಲು, ಗುಂಡೇಟಿಗಿಂತ ಕಾಲು ಉಳುಕಿ ಮನೆಗೆ ಹೋದವರನ್ನು ಜಾಸ್ತಿ ನೋಡಿದ್ದೇನೆ. ಗನ್ ಬಾಡಿಗೆಗೇ ಇರಲಿ. ಅವರು ಕೊಡುವುದು ಬಹುಶಃ ಟಿಪ್‌ಮನ್ 98 ತರಹದ್ದು. ಭಾರ, ಸದ್ದು, ಆದರೆ ಕೆಸರಿನಲ್ಲಿ ಬಿದ್ದರೂ ಎದ್ದು ಕೆಲಸ ಮಾಡುತ್ತದೆ, ನಮ್ಮ ಊರಿನ ಹಳೇ ಜೀಪಿನ ಹಾಗೆ. ಸಿಲಿಂಡರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬದಲು ಒತ್ತಿದ ಗಾಳಿ ಸಿಕ್ಕರೆ ಅದನ್ನೇ ತಗೊಳ್ಳಿ, ಚಳಿ ಸೆಖೆಗೆ ಗುಂಡಿನ ವೇಗ ಅಷ್ಟು ಏರಿಳಿಯುವುದಿಲ್ಲ. ಗುಂಡು ಎರಡು ಸಾವಿರದ ಒಂದು ಪೆಟ್ಟಿಗೆ ಎರಡು ದಿನಕ್ಕೆ ಧಾರಾಳ. ಕಾರಿನ ಬಿಸಿಯಲ್ಲಿ ಇಡಬೇಡಿ, ಒದ್ದೆ ಕೈ ಹಾಕಬೇಡಿ, ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ತುಂಬಬೇಡಿ. ತೇವ ಹೀರಿ ಉಬ್ಬಿದ ಗುಂಡು ನಳಿಗೆಯೊಳಗೇ ಒಡೆದು ಪಾಯಸ ಆಗುತ್ತದೆ.

ಸಂಜೆ ಒಂದು ಕೆಲಸ ಮರೆಯಬೇಡಿ. ಮೈ ಪೂರ್ತಿ ನೋಡಿಕೊಳ್ಳಿ, ಕಂಕುಳು, ಮಂಡಿ ಹಿಂದೆ, ಕೂದಲ ಬುಡ. ನಮ್ಮ ಕಡೆಯವರಿಗೆ ರಕ್ತ ಹೀರುವ ಉಣುಗಿನ ಭಯ ಹೇಳಿಕೊಡಬೇಕಿಲ್ಲ, 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಬರುವುದು ಅದರಿಂದಲೇ ತಾನೆ. ಇಲ್ಲಿಯ ಉಣುಗು ತರುವುದು ಲೈಮ್ ಕಾಯಿಲೆ, ಅದಕ್ಕೂ ಕನೆಕ್ಟಿಕಟ್‌ನ ಲೈಮ್ ಎಂಬ ಒಂದು ಊರಿನದೇ ಹೆಸರು. ಪೆನ್ಸಿಲ್ವೇನಿಯಾದಲ್ಲಿ ಅದು ಜಾಸ್ತಿ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ, ಯಾರಾದರೂ ನಕ್ಕರೆ ನಗಲಿ.

ಬಣ್ಣದ ಬಗ್ಗೆ ಚಿಂತೆ ಬೇಡ, ನೀರಿನಲ್ಲಿ ತೊಳೆದರೆ ಹೋಗುತ್ತದೆ. ಉಳಿದ ಗುಂಡುಗಳನ್ನು ಮಾತ್ರ ಮನೆಯಲ್ಲಿ ಕೆಳಗೆಲ್ಲೂ ಇಡಬೇಡಿ, ಅದರಲ್ಲೂ ನಾಯಿ ಸಾಕಿದ್ದರೆ. ಒಳಗಿರುವ ಗ್ಲೈಕಾಲ್, ಸಾರ್ಬಿಟಾಲ್ ಸಿಹಿಯಾಗಿರುತ್ತವೆ, ನಾಯಿ ಮಿಠಾಯಿ ಅಂತ ತಿಂದುಬಿಡುತ್ತದೆ, ಆಮೇಲೆ ವಾಂತಿ, ನಡುಕ, ಆಸ್ಪತ್ರೆ. ನಮ್ಮ ಮನೆಯಲ್ಲಿ ಪೆಟ್ಟಿಗೆ ಅಟ್ಟದ ಮೇಲಿದೆ, ಕೆಳಗೆ ಕೂತು ಅದನ್ನೇ ನೋಡುತ್ತಿರುತ್ತಾನೆ ನಮ್ಮವನು.