ಗೌರಿಗೆ ಇನ್ನೊಂದು ವರ್ಷ ಕೊಡಿ

ಗದಗದ ಓದುಗರೊಬ್ಬರ ಪತ್ರ: “ನಮ್ಮ ಮುಧೋಳ ನಾಯಿ ಗೌರಿಗೆ 10 ತಿಂಗಳು. ಮೊದಲ ಸಲ ಬೆದೆಗೆ ಬಂದಿದ್ದಾಳೆ. ಅವಳ ಜೊತೆಗೇ ಹುಟ್ಟಿದ ಗಂಡು ನಮ್ಮ ಭಾವನ ಮನೆಯಲ್ಲಿದೆ. ಎರಡನ್ನೂ ಕ್ರಾಸ್ ಮಾಡಿಸಿದರೆ ಅಪ್ಪಟ ಮರಿ ಸಿಗುತ್ತವಲ್ವಾ? ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೂ ಒಳ್ಳೇದು ಅಂತಾರೆ. ಇನ್ನೊಂದು, ವಾರಕ್ಕೊಮ್ಮೆ ನಮ್ಮ ಸೋಪಿನಲ್ಲೇ ಸ್ನಾನ ಮಾಡಿಸಿದರೂ ಮೈ ತುರಿಸಿಕೊಳ್ಳುತ್ತಾಳೆ.”

ಈ ಸಲ ಬೇಡವೇ ಬೇಡ. ಆ ಗಂಡಿನ ಜೊತೆಗಂತೂ ಯಾವತ್ತೂ ಬೇಡ.

ಗೌರಿಯ ಮೈ ಇನ್ನೂ ಬೆಳೆಯುತ್ತಿದೆ. ಮರಿ ಹಾಕಿದರೆ ಆರೋಗ್ಯ ಸುಧಾರಿಸುತ್ತದೆ ಎಂಬುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಒಡಹುಟ್ಟಿದವನ್ನು ಜೋಡಿ ಮಾಡಿದರೆ ಮರಿಗಳು ನೋಡಲು ಅಪ್ಪಟವಾಗಿಯೇ ಕಾಣಬಹುದು. ಆದರೆ ಎರಡರಲ್ಲೂ ಒಂದೇ ದೋಷ ಅಡಗಿದ್ದರೆ ಅದು ಮರಿಗಳಲ್ಲಿ ಎದ್ದು ಬರುವ ಸಾಧ್ಯತೆ ಜಾಸ್ತಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಸೇನೆಯೂ ಕರೆಸಿಕೊಂಡ ನಮ್ಮ ನೆಲದ ತಳಿ ಇದು. ಅವಸರದ ಜೋಡಿಗಳಿಂದ ಅದು ಕೆಡುವುದನ್ನು ನೋಡಲು ನಮಗೆ ಮನಸ್ಸಿಲ್ಲ.

ಕಾನೂನೂ ಇದೆ. ಕೇಂದ್ರದ 2017ರ ನಿಯಮಗಳ ಪ್ರಕಾರ ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಜೋಡಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು.

ಈಗ ಎಚ್ಚರ ಬೇಕಾದದ್ದು ಬೆದೆಯ ಎರಡನೇ ವಾರದಲ್ಲಿ. ಆಗ ಸ್ರಾವದ ರಕ್ತ ತಿಳಿಯಾಗುತ್ತದೆ. ಮುಗಿಯಿತು ಅಂದುಕೊಂಡು ಎಷ್ಟೋ ಮಂದಿ ಹೊರಗೆ ಬಿಡುತ್ತಾರೆ. ಗಂಡಿಗೆ ಒಪ್ಪಿ ಗಬ್ಬ ನಿಲ್ಲುವುದು ಆಗಲೇ! ಪೂರ್ತಿ ಮೂರು ವಾರ ಅವಳನ್ನು ಒಂಟಿಯಾಗಿ ಅಂಗಳಕ್ಕೂ ಬಿಡಬೇಡಿ, ಭಾವನ ಮನೆಗಂತೂ ಕರೆದೊಯ್ಯಬೇಡಿ.

ಇನ್ನು ತುರಿಕೆ. ಮೊದಲು ಆ ಸೋಪು ನಿಲ್ಲಿಸಿ. ನಾಯಿಯ ಚರ್ಮ ನಮ್ಮದರಂತಲ್ಲ, ನಮ್ಮ ಸೋಪಿಗೆ ಒಣಗುತ್ತದೆ. ಮುಧೋಳದ ಕೂದಲು ಗಿಡ್ಡ. ಕೊಳೆಯಾದಾಗ ನಾಯಿಗಳ ಶಾಂಪೂ ಹಾಕಿ ತೊಳೆದರೆ ಸಾಕು. ದಿನವೂ ರಬ್ಬರ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ಆಮೇಲೆ ಬರಿಗೈಯಲ್ಲಿ ಮೈಯೆಲ್ಲ ಸವರಿ: ಕಿವಿಯ ಮಡಿಕೆ, ಕತ್ತುಪಟ್ಟಿಯ ಕೆಳಗೆ, ಬೆರಳ ಸಂದು, ಬಾಲದ ಬುಡ. ಕಾಳಿನಂಥ ಗಂಟು ಸಿಕ್ಕರೆ ಉಣ್ಣಿ ಇರಬಹುದು. ಕೂದಲು ಸರಿಸಿ, ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೆಟ್ಟಗೆ ಎಳೆಯಿರಿ. ಬೆರಳಲ್ಲಿ ಹಿಚುಕಬೇಡಿ, ಕಡ್ಡಿ ಗೀರಿ ಸುಡಬೇಡಿ. ಉಣ್ಣಿಯಿಂದ ಬರುವ ಜ್ವರ ನಾಯಿಯ ಜೀವಕ್ಕೇ ಕುತ್ತು. ಉಣ್ಣಿ ಕಾಣದೆ ತುರಿಕೆ ಮುಂದುವರಿದರೆ ಪಶುವೈದ್ಯರಿಗೆ ತೋರಿಸಿ. ಹಾಂ, ಸವರುವಾಗ ಒಂದೆರಡು ಪಕ್ಕೆಲುಬು ಕೈಗೆ ಸಿಕ್ಕರೆ ಗಾಬರಿ ಬೇಡ. ಓಡುವ ನಾಯಿಯ ಮೈಕಟ್ಟೇ ಹಾಗೆ. “ಉಪವಾಸ ಕೆಡವಿದ್ದೀರಾ?” ಎಂದು ಯಾರೋ ಕೇಳಿದರೆಂದು ತುರುಕಬೇಡಿ.

ಎರಡು ವರ್ಷ ತುಂಬಿ, ಗೌರಿ ಗಟ್ಟಿಮುಟ್ಟಾಗಿದ್ದರೆ ಮುಧೋಳದ ಹತ್ತಿರದ ತಿಮ್ಮಾಪುರಕ್ಕೆ ಹೋಗಿ ಬನ್ನಿ. ಅಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸಂಬಂಧವಿಲ್ಲದ ರಕ್ತದ ಗಂಡಿನ ಬಗ್ಗೆ ವಿಚಾರಿಸಿ. ಎರಡಕ್ಕೂ ಬ್ರೂಸೆಲ್ಲಾ (ಜೋಡಿಯಾಗುವಾಗ ಹರಡಿ ಗಬ್ಬ ಕಳೆಯುವ ಸೋಂಕು) ಪರೀಕ್ಷೆ ಆಗಿರಲಿ. ಮರಿಗಳಿಗೆ ಮನೆ ಗೊತ್ತಾದ ಮೇಲೆಯೇ ಜೋಡಿಯ ಮಾತು. ಆಗ ಮತ್ತೆ ಬರೆಯಿರಿ, ಬಾಣಂತನದ ತಯಾರಿ ಬಗ್ಗೆ ವಿವರವಾಗಿ ಉತ್ತರಿಸುತ್ತೇವೆ.

– ಸಂಪಾದಕ