ಓದುಗರ ಪ್ರಶ್ನೆ: ಶಾಲೆಯ ಸುದ್ದಿಪತ್ರಕ್ಕೆ ಎಐ ನೆರವು

ಪ್ರಶ್ನೆ: ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೆಯ ತರಗತಿಯ ಮಕ್ಕಳಿಗೂ ಪೋಷಕರಿಗೂ ತಿಂಗಳಿಗೊಂದು ಸುದ್ದಿಪತ್ರವನ್ನು ಸಿದ್ಧಪಡಿಸಿ ವಾಟ್ಸಾಪ್‌ನಲ್ಲಿ ಕಳುಹಿಸುತ್ತೇನೆ. ಚಾಟ್‌ಜಿಪಿಟಿಯಿಂದ ಕೆಲಸವೇನೋ ಬೇಗ ಮುಗಿಯುತ್ತದೆ. ಆದರೆ ಓದಿದವರು ಯಾರೂ ಸಿಗುವುದಿಲ್ಲ. ಲಾಲ್‌ಬಾಗ್ ಬಂಡೆಯ ಕುರಿತ ಕಳೆದ ಸಂಚಿಕೆಯನ್ನು ಲಗತ್ತಿಸಿದ್ದೇನೆ. ಏನು ಮಾಡಬೇಕು?

ಉತ್ತರ: ತಮ್ಮ ಸಂಚಿಕೆಯಲ್ಲಿ ಒಂದು ಅಂಕಿಯನ್ನು ಬಿಟ್ಟರೆ ತಪ್ಪೆನ್ನುವಂಥದ್ದೇನೂ ಇಲ್ಲ. ಆದರೆ ಲಾಲ್‌ಬಾಗಿಗೆ ಕಾಲಿಡದವರೂ ಅದನ್ನು ಬರೆಯಬಹುದಿತ್ತು. ‘ಬಂಡೆಯ ಬಗ್ಗೆ ಬರೆದುಕೊಡು’ ಎಂದಷ್ಟೇ ಕೇಳಿದರೆ ಎಐ ಊರಿಗೆಲ್ಲ ಕೊಡುವ ಉತ್ತರವನ್ನೇ ತಮಗೂ ಕೊಡುತ್ತದೆ. ಸಾಮಗ್ರಿ ತರಗತಿಯಿಂದಲೇ ಬರಬೇಕು. ಅದನ್ನು ಓರಣವಾಗಿ ಜೋಡಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಬೇಕು.

ಮಕ್ಕಳನ್ನು ಕೆಂಪೇಗೌಡ ಗೋಪುರದ ಕೆಳಗಿನ ಬಂಡೆಯ ಮೇಲೆ ಕೂರಿಸಿ, ಕಂಡದ್ದನ್ನು ಬರೆಯಲು ಹೇಳಿ. ಬಿಳಿಚು ಮತ್ತು ಕಪ್ಪು ಪಟ್ಟೆಗಳು ಯಾರಾದರೊಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತವೆ. ಭೂಮಿಯ ಆಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಖನಿಜಗಳು ಪಟ್ಟೆಪಟ್ಟೆಯಾಗಿ ಬೇರ್ಪಟ್ಟ ನೈಸ್ ಶಿಲೆ ಅದು ಎಂಬ ವಿವರಣೆಗೆ ಆಗ ತಾನಾಗಿಯೇ ಜಾಗ ಸಿಗುತ್ತದೆ. ಬಳಿಕ ಎಐಗೆ ಹೀಗೆ ಸೂಚಿಸಬಹುದು: ‘ಇವು ಮಕ್ಕಳ ಪ್ರಶ್ನೆಗಳು, ಅವರ ಮಾತನ್ನು ತಿದ್ದಬೇಡ. ಕೆಳಗಿನ ನನ್ನ ಟಿಪ್ಪಣಿಯಿಂದಲೇ ಪ್ರತಿಯೊಂದಕ್ಕೂ ನಾಲ್ಕು ವಾಕ್ಯಗಳಲ್ಲಿ ಉತ್ತರಿಸು. ಟಿಪ್ಪಣಿಯಲ್ಲಿ ಉತ್ತರವಿಲ್ಲದಿದ್ದರೆ ಇಲ್ಲವೆಂದು ಹೇಳು.’ ಹೀಗೆ ಕಟ್ಟಿಹಾಕಿದರೂ ಅದು ಕೆಲವೊಮ್ಮೆ ತನ್ನದೇನನ್ನಾದರೂ ಸೇರಿಸಿಬಿಡುತ್ತದೆ. ಆದ್ದರಿಂದ ಇಸವಿ, ಅಂಕಿ ಮತ್ತು ಹೆಸರುಗಳನ್ನು ಪಠ್ಯಪುಸ್ತಕದೊಡನೆ ಅಥವಾ ಸ್ಥಳದ ಫಲಕದೊಡನೆ ತಾವೇ ತಾಳೆ ನೋಡಬೇಕು.

ಈಗ ಆ ಅಂಕಿಯ ವಿಚಾರ. ಬಂಡೆಯ ವಯಸ್ಸು 30 ಕೋಟಿ ವರ್ಷ ಎಂದು ತಮ್ಮ ಸಂಚಿಕೆ ಹೇಳುತ್ತದೆ. ಅದು ಸುಮಾರು 300 ಕೋಟಿ ವರ್ಷ ಎಂದಿರಬೇಕು. ಬಿಲಿಯನ್ (ನೂರು ಕೋಟಿ) ಲೆಕ್ಕವನ್ನು ಕೋಟಿಗೆ ತರುವಾಗ ಸೊನ್ನೆಯೊಂದು ಬಿದ್ದುಹೋಗಿರುವಂತಿದೆ. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ತಮ್ಮ ಲೆಕ್ಕದಲ್ಲಿ ಬಂಡೆಯೂ ಡೈನೋಸಾರೂ ಹೆಚ್ಚುಕಡಿಮೆ ಅಕ್ಕಪಕ್ಕದ ಮನೆಯವರಾಗುತ್ತಾರೆ!

‘ಬನ್ನಿ, ಅನ್ವೇಷಿಸೋಣ’, ‘ಮಹತ್ವದ ಪಾತ್ರ ವಹಿಸುತ್ತದೆ’ ಎಂಬಂಥ ಸವಕಲು ವಾಕ್ಯಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಎರಡು ಅಂಕಣಗಳ ಎ4 ಪುಟವನ್ನು ಮೊಬೈಲಿನಲ್ಲಿ ಯಾರೂ ಹಿಗ್ಗಿಸಿ ಓದುವುದಿಲ್ಲ. ಒಂದೇ ಅಂಕಣ ಮತ್ತು ದೊಡ್ಡ ಅಕ್ಷರ ಸಾಕು. ಮಕ್ಕಳ ಹೆಸರು, ಅಂಕ ಅಥವಾ ಭಾವಚಿತ್ರಗಳನ್ನು ಮಾತ್ರ ಎಐ ಸೇವೆಗಳಿಗೆ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಮತ್ತು ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ.

ಪ್ರಶ್ನೆ: ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಸಂಚಿಕೆಗಳನ್ನು ಎಐಗೆ ಕೊಟ್ಟರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಏಕೆ?

ಉತ್ತರ: ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅವು ಇಲ್ಲ. ಹಳೆಯ ನುಡಿ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಿದ್ದವು. ಯಂತ್ರಕ್ಕೆ ಕಾಣುವುದು ಆ ಸಂಕೇತಗಳೇ. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಂಡು, ಆಮೇಲೆ ಕೊಡಿ. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಒಮ್ಮೊಮ್ಮೆ ಜಾಗ ತಪ್ಪುವುದರಿಂದ ‘ಸೂರ್ಯ’, ‘ವರ್ಷ’ದಂಥ ಪದಗಳನ್ನು ಮೊದಲು ಪರಿಶೀಲಿಸಿ.